ಗೋ ಅಣ್ಣಾ

ಟಾರ್ನೀಟ್, ಮೆಲ್ಬರ್ನ್
ಮಗಳು ಶೈಲಾಳ ಮನೆಯ ಗ್ಯಾರೇಜು, ನಿನ್ನ ಅಡಿಗೆಮನೆಯಿಂದ ಇಪ್ಪತ್ತೆರಡು ಹೆಜ್ಜೆ
ಗುರುವಾರ, ನವೆಂಬರ್ ೨೮

ಅನ್ನಪೂರ್ಣಾ,

ಆಯಿತು, ಒಪ್ಪಿದೆ. ಉಡ ನಮ್ಮ ಮನೆ ಹೊಕ್ಕಿಲ್ಲ. ಹಿತ್ತಲಿಗೆ ಬಂತು, ನನ್ನ ಮೈಮೇಲೆ ಬಂತು, ಆದರೆ ಹೊಸ್ತಿಲು ದಾಟಲಿಲ್ಲ. ಉಡ ಹೊಕ್ಕ ಮನೆಯಲ್ಲಿ ಮೂರು ತಿಂಗಳು ಇರಬಾರದು, ಅದಕ್ಕೇ ನಿಮ್ಮವ್ವ ಸಿಡ್ನಿ ಬಿಟ್ಟು ನಿನ್ನ ಕಡೆ ಬರುತ್ತಿದ್ದಾಳೆ ಎಂದು ನಾನು ಮಗಳಿಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಅದು ನಿನ್ನ ಹಡೆದವ್ವ ಬದುಕಿದ್ದಾಗ ಹೇಳುತ್ತಿದ್ದ ಮಾತು. ನೀನು ಒಂದು ದಿನವೂ ಅದನ್ನು ನಂಬಿದವಳಲ್ಲ. ನೀನು ವಿಮಾನ ಹತ್ತಿದ ಮೇಲೆ ಶೈಲಾ ಯಾಕೆ, ಏನು ಎಂದು ಕೇಳಿದಾಗ ನನ್ನ ಕೈಗೆ ಸಿಕ್ಕ ಮೊದಲ ಕಾರಣ ಆ ಉಡ. ಪಾಪ, ಅದಕ್ಕೆ ಬರೆಯಲು ಬರುವುದಿಲ್ಲ. ಬಂದಿದ್ದರೆ ನನಗಿಂತ ಮೊದಲು ಅದೇ ನಿನಗೆ ಕಾಗದ ಹಾಕುತ್ತಿತ್ತು.

ಗಂಡ ಹೆಂಡತಿಗೆ ಬರೆದರೆ ಆಶೀರ್ವಾದದಿಂದ ಶುರು ಮಾಡಬೇಕೆಂದು ಸಾಲಿ ಮಾಸ್ತರರು ಕಲಿಸಿದ್ದರು. ನಾನು ಐದನೇ ಇಯತ್ತೆಯವರೆಗೆ ಕಲಿತದ್ದರಲ್ಲಿ ನೆನಪಿರುವುದು ಅಷ್ಟೇ. ಈ ಸಲ ಅದು ನಿನ್ನ ಕಡೆಯಿಂದ ಬರಬೇಕಾಗಿದೆ, ಆದ್ದರಿಂದ ಆ ಜಾಗ ಖಾಲಿ ಬಿಟ್ಟಿದ್ದೇನೆ. ಮನಸ್ಸು ಬಂದಾಗ ತುಂಬಿಕೋ.

ಇಷ್ಟು ಹತ್ತಿರ ಇದ್ದುಕೊಂಡು ಕಾಗದ ಯಾಕೆ ಎಂದು ನೀನು ಕೇಳಬಹುದು. ಕೇಳಿದರೆ ಸಂತೋಷ. ಕೇಳುವುದಕ್ಕಾದರೂ ಬಾಯಿ ತೆರೆಯಬೇಕಲ್ಲ. ಹದಿನಾರು ದಿನವಾಯಿತು ನೀನು ನನ್ನ ಜೊತೆ ಮಾತಾಡಿ. ನಾನು ಮಾತಿಗೆ ಶುರು ಮಾಡಿದರೆ ಮೂರನೆಯ ಮಾತಿಗೆ ಚೇಷ್ಟೆ ಬರುತ್ತದೆ, ನಾಲ್ಕನೆಯದಕ್ಕೆ ನೀನು ಎದ್ದು ಹೋಗುತ್ತೀ. ಕಾಗದದಲ್ಲಾದರೆ ಚೇಷ್ಟೆ ಬಂದ ಕಡೆ ಗೀಟು ಹೊಡೆಯಬಹುದು. ಮೇಲೆ ನಾಲ್ಕು ಕಡೆ ಪೆನ್ನಿನ ಗೀಟು ಕಾಣುತ್ತದೆ ನೋಡು, ಅಲ್ಲೆಲ್ಲ ಒಂದೊಂದು ಚೇಷ್ಟೆ ಸತ್ತು ಬಿದ್ದಿದೆ. ಉಳಿದವು ನನ್ನ ಕಣ್ಣು ತಪ್ಪಿಸಿ ಬದುಕಿದವು.

ನನ್ನ ಇಲ್ಲಿನ ಸಂಸಾರ ಹೇಗಿದೆ ಎಂದು ನೀನು ಬಂದು ನೋಡಿಲ್ಲ, ಆದ್ದರಿಂದ ಹೇಳುತ್ತೇನೆ. ಒಂದು ಕಡೆ ಅಳಿಯ ಅಭಿನವ ತುಳಿಯದೇ ಬಿಟ್ಟ ವ್ಯಾಯಾಮದ ಸೈಕಲ್ಲು, ಇನ್ನೊಂದು ಕಡೆ ಹಳೆಯ ಫ್ರೀಜರು, ನಡುವೆ ಮಡಚುವ ಮಂಚದ ಮೇಲೆ ನಾನು. ಒಳಗಿನ ಕೋಣೆಯಲ್ಲಿ ನಿನ್ನ ಜೋಳದ ಹಿಟ್ಟಿನ ಚೀಲಕ್ಕೆ ಜಾಗವಿದೆ, ಗಂಡನಿಗಿಲ್ಲ. ನಿಮ್ಮ ಗೊರಕೆ ಜೋರು ಅಪ್ಪಾ ಎಂದು ಶೈಲಾ ಕಾರಣ ಕೊಟ್ಟಳು. ಮೂವತ್ತೊಂದು ವರ್ಷ ಕೇಳದ ಗೊರಕೆ ಈ ತಿಂಗಳು ಎಲ್ಲರಿಗೂ ಕೇಳುತ್ತಿದೆ.

ಆ ಫ್ರೀಜರಿನ ಕೆಳಗೆ ಒಂದು ಹಲ್ಲಿ. ನಮ್ಮ ಗದಗಿನ ಗೋಡೆಯ ಹಲ್ಲಿಯಂಥದ್ದಲ್ಲ. ಮೊಳದುದ್ದ, ಗಿಡ್ಡ ಕಾಲು, ತುಂಬಿದ ಹೊಟ್ಟೆ. ದೀಪ ಹಾಕಿದರೆ ಸಾಕು, ಬಾಯಿ ತೆರೆದು ನೀಲಿ ನಾಲಿಗೆ ಚಾಚುತ್ತದೆ. ನೀಲಿ ಎಂದರೆ ದೌತಿಯ ಶಾಯಿ ಕುಡಿದವರ ಹಾಗೆ ನೀಲಿ. ನಾನು ಪೊರಕೆ ಎತ್ತಿದೆ. ಅಭಿನವ ಓಡಿ ಬಂದು ಕೈ ಹಿಡಿದ. ಇದಕ್ಕೆ ಬ್ಲೂ ಟಂಗ್ ಎನ್ನುತ್ತಾರೆ, ಬಡಪಾಯಿ ಪ್ರಾಣಿ, ಬಸವನಹುಳು ತಿಂದುಕೊಂಡು ಇರುತ್ತದೆ, ಈ ಮಣ್ಣಿನದು, ಮುಟ್ಟಬಾರದು ಎಂದು ಪಾಠ ಹೇಳಿ ಹೋದ. ಸಿಡ್ನಿಯಿಂದ ಹತ್ತು ತಾಸು ಕಾರು ಹೊಡೆದುಕೊಂಡು ಬಂದರೂ ನನಗೆ ಹಲ್ಲಿಯ ಜಾತಿ ತಪ್ಪಲಿಲ್ಲ. ಈ ಮನೆಯಲ್ಲಿ ನನ್ನ ಮುಖ ನೋಡಿ ಬಾಯಿ ತೆರೆಯುವ ಜೀವ ಅದೊಂದೇ, ಅದೂ ಅಣಕಿಸುವುದಕ್ಕೆ.

ಮುಂಜಾನೆ ಎದ್ದರೆ ಛಾವಣಿಯ ಅಂಚಿನಲ್ಲಿ ಗೊರವಂಕಗಳು. ನಮ್ಮವೇ! ಹಳದಿ ಕಾಲು, ಹಳದಿ ಕಣ್ಣು, ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಜಗಳಾಡುವ ಹಾಗೆಯೇ ಜಗಳ. ಊರಿನವರು ಸಿಕ್ಕಷ್ಟು ಖುಷಿಯಾಗಿ ಎರಡು ಚೂರು ರೊಟ್ಟಿ ಹಾಕಿದೆ. ಮತ್ತೆ ಅಭಿನವ ಬಂದ. ಇವು ಇಂಡಿಯನ್ ಮೈನಾ, ಹೊರಗಿನಿಂದ ತಂದು ಬಿಟ್ಟವು, ಇಲ್ಲಿನ ಹಕ್ಕಿಗಳ ಗೂಡು ಕಸಿದುಕೊಳ್ಳುತ್ತವೆ, ಹಿಂದಿನ ಬೀದಿಯವನು ಪಂಜರವಿಟ್ಟು ಹಿಡಿಯುತ್ತಾನೆ, ಅನ್ನ ರೊಟ್ಟಿ ಹಾಕಬಾರದು ಮಾವ ಎಂದ. ನ್ಯಾಯ ನೋಡು. ನೂರೈವತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದ ಗೊರವಂಕಕ್ಕೆ ಇನ್ನೂ ಕಾಯಂ ವಾಸದ ಪಿಆರ್ ಸಿಕ್ಕಿಲ್ಲ. ನನ್ನ ಹೆಗಲು ಹರಿದ ಉಡಕ್ಕೆ ಸರಕಾರದ ಕಾವಲು. ನಾನು ಯಾವ ಪಟ್ಟಿಯಲ್ಲಿ ಬರುತ್ತೇನೋ ಕೇಳಲು ಧೈರ್ಯ ಸಾಲಲಿಲ್ಲ.

ಇದೆಲ್ಲ ತಡೆದುಕೊಂಡೇನು. ತಡೆಯಲಾಗದ್ದು ಆ ‘ಅಂತೆ’.

ನಾನು ಬಂದದ್ದು ಶನಿವಾರ. ಅವತ್ತಿನಿಂದ ಹೊತ್ತುಹೊತ್ತಿಗೆ ಗ್ಯಾರೇಜಿನ ಬಾಗಿಲು ತಟ್ಟುವ ಸಪ್ಪಳ. ಅಳಿಯ ಬಂದರೆ, ಮಾವ, ಊಟಕ್ಕೆ ಬರಬೇಕಂತೆ. ಮಗಳು ಬಂದರೆ, ಅಪ್ಪಾ, ಊಟಕ್ಕ ಬರಬೇಕಂತ. ಅವನು ಬೆಂಗಳೂರಿನವ, ಅಂತೆ ಅನ್ನುತ್ತಾನೆ. ಇವಳು ನಮ್ಮವಳು, ಅಂತ ಅನ್ನುತ್ತಾಳೆ. ಎರಡೂ ಒಂದೇ. ಯಾರೋ ಹೇಳಿ ಕಳಿಸಿದರು, ನಾವು ತಂದು ಮುಟ್ಟಿಸಿದೆವು ಎಂದು ಅರ್ಥ. ಎಣ್ಣೆಗಾಯಿ ಹಾಕಿಸಿಕೊಳ್ಳಬೇಕಂತೆ. ಗುಳಿಗೆ ತಗೊಂಡರೇನು ಅಂತ. ಮೊನ್ನೆ ನಾನು ನಿನ್ನ ಎದುರಿಗೇ ಕೂತಿದ್ದೆ, ನಡುವೆ ಒಂದು ಉಪ್ಪಿನಕಾಯಿ ಭರಣಿ. ಆದರೂ ನೀನು ಮಗಳ ಕಡೆ ತಿರುಗಿ, ಅವರಿಗೆ ಮಜ್ಜಿಗಿ ಬೇಕೇನು ಕೇಳು ಎಂದೆ. ಮಗಳು ಕೇಳಿದಳು. ನಾನು ಬೇಕಂತೆ ಎಂದೆ. ಯಾರೂ ನಗಲಿಲ್ಲ. ಅದು ಒಳ್ಳೆಯ ಚೇಷ್ಟೆಯೇ ಆಗಿತ್ತು ಅನ್ನಪೂರ್ಣಾ, ಬೇರೆ ಕಾಲದಲ್ಲಾದರೆ ನೀನು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ.

ಈಗ ನಡೆದದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿದೆ. ಆದರೆ ನಾನು ಇದನ್ನು ಇಷ್ಟು ಕಡೆ ಇಷ್ಟು ನಮೂನೆ ಹೇಳಿದ್ದೇನೆ ಎಂದರೆ, ಒಂದು ಕಡೆಯಾದರೂ ನಡೆದ ಹಾಗೆ ಬರೆದಿಡದಿದ್ದರೆ ನನಗೇ ಮರೆತು ಹೋದೀತು. ಉಡದ ಉದ್ದದಿಂದಲೇ ಶುರು ಮಾಡೋಣ. ರಾಜ್ಯೋತ್ಸವದ ಹಾಲ್‌ನಲ್ಲಿ ನಾನು ಹೇಳುವಾಗ ಅದು ಎಂಟು ಅಡಿ ಇತ್ತು. ಕ್ಯಾಂಟೀನಿನ ಹುಡುಗರಿಗೆ ಹೇಳುವಾಗ ಆರು. ಈ ಕಾಗದದಲ್ಲಿ ನಾಲ್ಕೂವರೆ, ಬಾಲ ಸೇರಿ.

ಅಕ್ಟೋಬರಿನ ಆ ಶನಿವಾರ ನಾನು ಅಡಿಗೆ ಮಾಡುವ ನಾರ್ವೆಸ್ಟಿನ ಕ್ಯಾಂಟೀನಿಗೆ ರಜೆ ಇತ್ತು. ಸಿಡ್ನಿಯ ಬೆರೋರಾದ ನಮ್ಮ ಹಿತ್ತಲಲ್ಲಿ, ಬನಿಯನ್ನು ಲುಂಗಿಯಲ್ಲಿ, ಬಕೆಟ್ಟು ಹಿಡಿದು ಮೆಂತ್ಯದ ಮಡಿಗೆ ನೀರು ಹಾಕುತ್ತಿದ್ದೆ. ಬೇಲಿಯ ಆಚೆ ಪಕ್ಕದ ಮನೆಯ ಬೆವ್ ಕೋಳಿಗೂಡಿನ ಹತ್ತಿರ ಗಲಾಟೆ ಮಾಡುತ್ತಿದ್ದಳು. ನೀನು ಮೊದಲ ದಿನವೇ ಆ ಎಪ್ಪತ್ತೆಂಟರ ಮುದುಕಿಯನ್ನು ಬೆವ್ವ ಮಾಡಿಬಿಟ್ಟೆ, ಅವಳೂ ನಿನ್ನನ್ನು ಆನಾ ಮಾಡಿಕೊಂಡಳು. ಅನ್ನಪೂರ್ಣವ್ವ ಎಂದು ಪೂರ್ತಿ ಹೇಳುವಷ್ಟು ಉಸಿರು ಅವಳಲ್ಲಿಲ್ಲ. ನನಗೆ ಮಾತ್ರ ಹನ್ನೆರಡು ವರ್ಷದಿಂದ ಸಿಡ್ ಎಂದೇ ಕರೆಯುತ್ತಾಳೆ. ಹೋದ ವರ್ಷದ ದೀಪಾವಳಿಗೆ ಕರಿಗಡಬು ಕೊಡಲು ಹೋದಾಗ ನಾನು ಅವಳಿಗೆ ಅರ್ಧ ತಾಸು ಕೂತು ತಿಳಿಸಿದ್ದೆ. ಸಿಡ್ ಎಂದರೆ ಏನೂ ಇಲ್ಲ, ಸಿದ್ದಣ್ಣ ಎಂದರೆ ಅದರಲ್ಲಿ ಅಣ್ಣ ಇದ್ದಾನೆ, ನಮ್ಮಲ್ಲಿ ಮರ್ಯಾದೆಯಿಂದ ಕರೆದರೆ ಅಣ್ಣ ಅಂತಲೇ ಕರೆಯುತ್ತಾರೆ ಎಂದು. ಅವಳು ತಲೆಯಾಡಿಸಿ ಇನ್ನೆರಡು ಕರಿಗಡಬು ತಿಂದಳು.

ಅಂಥ ಬೆವ್ವ ಆ ದಿನ ಬೇಲಿಯ ಮೇಲಿಂದ ಕೈ ಬೀಸಿ ಕೂಗಿದಳು. ನನ್ನ ಕಿವಿಗೆ ಬಿದ್ದದ್ದು, ಗೋ ಅಣ್ಣಾ, ಗೋ ಅಣ್ಣಾ.

ನನಗೆ ಕಣ್ಣು ತುಂಬಿ ಬಂತು. ಹನ್ನೆರಡು ವರ್ಷಕ್ಕೆ ಮುದುಕಿ ಅಣ್ಣ ಎಂದಳಲ್ಲ! ಗೋ ಎಂದರೆ ಹೋಗು ಎಂಬುದು ನನಗೂ ಗೊತ್ತು. ಎಲ್ಲಿಗೆ ಎಂದು ತಿಳಿಯಲಿಲ್ಲ. ಕೈ ಬೀಸುತ್ತಿದ್ದಾಳೆ, ಕರೆಯುತ್ತಿರಬೇಕು ಎಂದುಕೊಂಡು ನಗುತ್ತಾ ಅವಳ ಕಡೆಗೇ ಹೋದೆ. ಇಲ್ಲಿಯವರು ಉಡಕ್ಕೆ ಗೊಆನಾ ಎನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಕೋಳಿಯ ಮೊಟ್ಟೆ ಬಾಯಲ್ಲಿಟ್ಟುಕೊಂಡು ಬೇಲಿಯ ಕೆಳಗಿನಿಂದ ತೂರಿ ಬಂದ ಅದಕ್ಕೆ ಹಿಂದೆ ಬೆವ್ವನ ಕೋಲು, ಮುಂದೆ ನಾನು. ಗಾಬರಿಯಾದರೆ ಅವು ಹತ್ತಿರದ ಗಿಡ ಹತ್ತುತ್ತವಂತೆ. ನಮ್ಮ ಮನೆಯ ಮಾಲೀಕ ಹಿತ್ತಲಿನ ಒಂದೇ ಗಿಡವನ್ನು ಹೋದ ವರ್ಷ ಕಡಿಸಿದ್ದ. ಅಲ್ಲಿ ನೆಟ್ಟಗೆ ನಿಂತದ್ದು ನಾನೊಬ್ಬನೇ.

ಲುಂಗಿ ಹಿಡಿಯಿತು, ಬನಿಯನ್ನು ಹಿಡಿಯಿತು, ಹೆಗಲ ಮೇಲೆ ಉಗುರೂರಿ ಕೂತಿತು. ಬಾಲ ಮೊಣಕಾಲಿಗೆ ಬಡಿಯುತ್ತಿತ್ತು. ಸೀಳು ನಾಲಿಗೆ ಕಿವಿಯ ಹತ್ತಿರ ಬಂದು ಹೋಗುತ್ತಿತ್ತು, ಗುಟ್ಟು ಹೇಳುವವರ ಹಾಗೆ. ಬಕೆಟ್ಟು ಕೈಬಿಟ್ಟು ಬಿತ್ತು, ನೀರೆಲ್ಲ ಲುಂಗಿಯ ಮೇಲೆ ಚೆಲ್ಲಿತು. ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಒಂದು ಮಾತೂ ಹುಟ್ಟದೇ ಇದ್ದ ಹೊತ್ತು ಎಂದರೆ ಅದೇ.

ಆಗ ನೀನು ಬಂದೆ. ಗೋ ಆನಾ ಎಂದು ಬೆವ್ವ ನಿನ್ನನ್ನೇ ಕರೆದಳು ಎಂದುಕೊಂಡು ಬಂದೆ. ಒಂದೇ ಕೂಗು, ನನಗೆ ಅಣ್ಣ ಎಂದು ಕೇಳಿತು, ನಿನಗೆ ಆನಾ ಎಂದು ಕೇಳಿತು. ನಾನು ಉಡದ ಬಾಯಿಗೆ ಹೋದೆ, ನೀನು ಬಿಡಿಸಲು ಬಂದೆ. ನಿನ್ನ ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಗೋಡೆಯ ಮೇಲೆ ಬೆರಳುದ್ದದ ಹಲ್ಲಿ ಕಂಡರೆ ನನ್ನನ್ನು ಎಬ್ಬಿಸುವ ಹೆಂಗಸು ನೀನು. ಒಂದು ಕ್ಷಣ ನಿಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿದೆ. ಕೂಗಲಿಲ್ಲ, ಓಡಲಿಲ್ಲ. ಮೆಲ್ಲಗೆ ಹೇಳಿದೆ:

“ಅಲುಗಾಡಬ್ಯಾಡ್ರಿ. ಗಿಡ ಆಗ್ರಿ.”

ಆದೆ. ಆ ಮಾತಿಗೆ ನಾನು ಬೇರು ಬಿಟ್ಟೆ. ನೀನು ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿ ಎಳೆದು, ನಿಮ್ಮ ಅವ್ವ ಹಳೆಯ ಸೀರೆಗಳಿಂದ ಹೊಲಿದು ಕೊಟ್ಟ ಆ ಕೌದಿಯನ್ನೇ, ನನ್ನ ಮೇಲೆ, ಉಡದ ಮೇಲೆ ಒಟ್ಟಿಗೆ ಒಗೆದೆ. ಒಳಗೆ ಕತ್ತಲೆಯಾಯಿತು. ಕತ್ತಲಾದ ಮೇಲೆ ಅದರ ಹಿಡಿತ ಸಡಿಲವಾಯಿತು. ನೀನು ಕೈ ತೂರಿಸಿ ಒಂದೊಂದೇ ಉಗುರು ಬಿಡಿಸಿದೆ, ಮುಳ್ಳಿಗೆ ಸಿಕ್ಕ ಸೆರಗು ಬಿಡಿಸುವ ಹಾಗೆ. ಅದು ಜಾರಿ ಇಳಿದು ಹಿಂದಿನ ಕಾಡಿನ ಕಡೆ ನಡೆದು ಹೋಯಿತು. ಓಡಿತು ಎಂದು ಹೇಳಿಕೊಂಡು ತಿರುಗಿದ್ದೇನೆ, ನಡೆದು ಹೋಯಿತು. ನೀನು ಕೌದಿಯನ್ನು ನನ್ನ ಮೈಮೇಲಿಂದ ತೆಗೆಯಲಿಲ್ಲ. ಸುತ್ತಿದ ಹಾಗೆಯೇ ಒಳಗೆ ಕರೆದುಕೊಂಡು ಹೋದೆ. ಅಷ್ಟು ಬಿಸಿಲಿನಲ್ಲಿ ಕೌದಿ ಯಾಕೆ ಎಂದು ಬೆವ್ವ ಕೇಳಿದ್ದಕ್ಕೆ, ಸಿಡ್‌ಗೆ ಚಳಿ ಎಂದು ನಿನ್ನ ಇಂಗ್ಲಿಷಿನಲ್ಲಿ ಹೇಳಿದೆ.

ಮೂರು ದಿನ ನಾನು ಎಲ್ಲ ಕಡೆ ಫೋನು ಮಾಡಿದೆ, ಆ ಪ್ರಾಣಿಯನ್ನು ಹಿಡಿದುಕೊಂಡು ಹೋಗಿ ಎಂದು. ಕಾಡುಪ್ರಾಣಿ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳು, ಅದು ಲೇಸ್ ಮಾನಿಟರ್ ಜಾತಿಯ ಉಡ ಇರಬೇಕು ಎಂದಳು. ನನಗೆ ನಮ್ಮ ಸಾಲಿಯ ಮಾನಿಟರ್ ಈರಯ್ಯ ನೆನಪಾದ. ಮಾಸ್ತರರು ಹೊರಗೆ ಹೋದರೆ ಸಾಕು, ಗದ್ದಲ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದ. ಮೊದಲ ಹೆಸರು ಸಿದ್ದಣ್ಣ, ಮುಂದೆ ಗುಣಾಕಾರ ಚಿಹ್ನೆ ಹಾಕಿ ಎರಡು, ಮೂರು, ನಾಲ್ಕು. ಮಾನಿಟರ್‌ಗಳ ಜೊತೆ ನನಗೆ ಮೊದಲಿಂದಲೂ ಸರಿಬಂದಿಲ್ಲ ಎಂದೆ ಅವಳಿಗೆ. ಅವಳಿಗೆ ತಿಳಿಯಲಿಲ್ಲ. ಅದು ಇಲ್ಲಿಯದು, ನೀವು ಅದರ ಕಾಡಿನ ಅಂಚಿಗೆ ಮನೆ ಮಾಡಿದ್ದೀರಿ, ಹೊಂದಿಕೊಂಡು ಇರಿ ಎಂದು ಫೋನು ಇಟ್ಟುಬಿಟ್ಟಳು. ಬೆವ್ವನೂ ಅದೇ ರಾಗ. ನರಿ ಕೋಳಿ ಕದ್ದರೆ ಬಂದೂಕು ತರಿಸುವ ಮಾತಾಡುತ್ತಾಳೆ, ಯಾಕೆಂದರೆ ನರಿ ಹಡಗಿನಲ್ಲಿ ಬಂದದ್ದು. ಉಡ ಮೊಟ್ಟೆ ಕದ್ದರೆ ಕೋಲು ಬೀಸಿ ಬೈದು ಬಿಟ್ಟುಬಿಡುತ್ತಾಳೆ, ಮನೆಯ ಸೋಮಾರಿ ಮಗನಿಗೆ ಬೈದ ಹಾಗೆ. ನೀನು ಮಾತ್ರ, ಹೋಗಲಿ ಬಿಡ್ರಿ, ಅದು ಹೆದರಿತ್ತು, ನೀವೂ ಹೆದರಿದ್ರಿ, ಲೆಕ್ಕ ಸರಿಹೋಯಿತು ಎಂದೆ. ಅಲ್ಲಿಗೆ ಮುಗಿದಿತ್ತು. ಮುಗಿಯಲು ನಾನು ಬಿಡಲಿಲ್ಲ.

ರಾಜ್ಯೋತ್ಸವದ ಊಟದ ಮೊದಲು ಕನ್ನಡ ಸಂಘದ ಲಕ್ಷ್ಮೀಶ ಪ್ರತಿ ವರ್ಷದ ಹಾಗೆ ನನ್ನ ಕೈಗೆ ಮೈಕು ಕೊಟ್ಟ. ಸಿದ್ದಣ್ಣನ ಹತ್ತು ನಿಮಿಷ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚು ಹಾಕಿಸಿದ್ದ. ನಾರ್ತ್ ಸಿಡ್ನಿ, ಚಾ‌ಟ್ಸ್‌ವುಡ್ ಎಂದು ದೊಡ್ಡ ದೊಡ್ಡ ಆಫೀಸುಗಳಲ್ಲಿ ಕೂರುವ ಇನ್ನೂರು ಮಂದಿ, ವರ್ಷಕ್ಕೊಮ್ಮೆ ಐದನೇ ಇಯತ್ತೆಯ ಒಬ್ಬ ಅಡಿಗೆಯವನ ಬಾಯಿ ನೋಡುತ್ತಾರೆ. ಆ ಹತ್ತು ನಿಮಿಷ ನನಗೆ ಏನು ಎಂದು ನಿನಗೆ ಗೊತ್ತಿದೆ, ಹೆಚ್ಚು ಬರೆಯುವುದಿಲ್ಲ. ಕಥೆ ಶುರು ಮಾಡಿದಾಗ ನಡೆದ ಹಾಗೆ ಹೇಳುವುದೆಂದೇ ಇತ್ತು. ನಾನು ಹೇಳಿದ ಕಥೆಯಲ್ಲಿ ಬಾಗಿಲಿಗೆ ಬರುವ ಹೊತ್ತಿಗೆ ನೀನು ಕಿಟಾರನೆ ಕಿರುಚಿ ಒಳಗೆ ಓಡಿ ಚಿಲಕ ಹಾಕಿಕೊಂಡೆ. ನಾನು ಉಡದ ಬಾಲ ಹಿಡಿದು ಗರಗರ ತಿರುಗಿಸಿ ಒಗೆದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೆದರಿಕೆ ಆಗಲಿಲ್ಲವೇ ಸಿದ್ದಣ್ಣಾ ಎಂದು ಲಕ್ಷ್ಮೀಶ ಕೇಳಿದ. ಆಗ ಬಂತು ಆ ಮಾತು. ನಿನಗೆ ಮತ್ತೆ ಓದುವುದು ಬೇಡವೆಂದರೆ ಮುಂದಿನ ಸಾಲು ಬಿಟ್ಟುಬಿಡು.

“ಇದೇನು ಮಹಾ ಉಡ? ನಮ್ಮನಿಯಾಗ ಒಂದು ಉಡ ಐತಿ. ಮೂವತ್ತೊಂದು ವರ್ಷ ಆತು, ಹಿಡಿದದ್ದು ಇನ್ನೂ ಬಿಟ್ಟಿಲ್ಲ.”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ನಿನ್ನ ಕಡೆ ನೋಡಿದೆ. ನೀನು ಇಳಕಲ್ ಸೀರೆ ಉಟ್ಟು ಬಡಿಸುವ ಟೇಬಲ್ಲಿನ ಹಿಂದೆ ನಿಂತಿದ್ದೆ. ಎರಡು ದಿನ ಕೂತು ಬಡಿದ ನಿನ್ನ ನಾಲ್ಕು ನೂರು ರೊಟ್ಟಿ ಮುಂದೆ ಇದ್ದವು. ಕೈಯಲ್ಲಿದ್ದ ಸೌಟನ್ನು ಪಾತ್ರೆಯಲ್ಲಿ ಸದ್ದಿಲ್ಲದೆ ಇಟ್ಟೆ. ನಕ್ಕೆಯೋ ಇಲ್ಲವೋ ನನಗೆ ಕಾಣಲಿಲ್ಲ ಎಂದು ಆಮೇಲೆ ಹೇಳಿದೆನಲ್ಲ, ಕಂಡಿತ್ತು. ಊಟಕ್ಕೆ ಕೂತಾಗ ಅನಸೂಯಾ ಎಂಬ ಆ ಹುಡುಗಿ, ಕೆಟ್ಟ ಮನಸ್ಸಿನವಳಲ್ಲ, ಉಡ ಆಂಟಿ ಇನ್ನೊಂದು ರೊಟ್ಟಿ ಎಂದಳು. ಆಮೇಲೆ ಮಕ್ಕಳೆಲ್ಲ ಅದನ್ನೇ ಹಿಡಿದವು. ಯಾರೋ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು. ಮರುದಿನ ಕಿರಾಣಿ ಅಂಗಡಿಯಲ್ಲೂ ನಿನಗೆ ಅದೇ ಹೆಸರು. ನೀನು ತೊಗರಿಬೇಳೆ ಅಲ್ಲೇ ಬಿಟ್ಟು ಬಂದೆ.

ಮಂಗಳವಾರ ಮುಂಜಾನೆ ನೀನು ಬ್ಯಾಗಿಗೆ ಕೌದಿ ಮಡಚಿ ಇಡುತ್ತಿದ್ದೆ. ಅದಕ್ಕೆ ಹೆಗಲ ಕಡೆ ಉಗುರಿನ ಹರಕು, ನೀನು ಹಸಿರು ದಾರದಿಂದ ಹೊಲಿದಿದ್ದೆ. ಚೇಷ್ಟೆ ಅದು, ನಾಲ್ಕು ಮಂದಿ ನಗಲಿ ಎಂದು ಅಂದದ್ದು ಎಂದೆ ನಾನು. ನೀನು ತಲೆ ಎತ್ತದೆ ಅಂದದ್ದು ಇಷ್ಟೇ.

“ಕೌದಿ ಹಾಕಿದ್ದು ಉಡಕ್ಕಲ್ಲ. ನಿಮಗ.”

ನಾನು ಅರ್ಥವಾಗದವನ ಹಾಗೆ ನಿಂತೆ. ಅದೇ ಕೊನೆಯ ಮಾತು. ಟ್ಯಾಕ್ಸಿ ಬಂತು.

ಆಮೇಲಿನ ಹನ್ನೊಂದು ದಿನ ನಾನು ನಮ್ಮ ಮನೆಯಲ್ಲಿ ಹೇಗಿದ್ದೆ ಎಂದು ಬರೆಯುವುದಿಲ್ಲ. ಇನ್ನೂರು ಮಂದಿಗೆ ಅಡಿಗೆ ಮಾಡುವವನು ಮನೆಗೆ ಬಂದು ಬ್ರೆಡ್ಡು ತಿಂದೆ ಎಂದರೆ ಸಾಕು. ಬೆವ್ವ ದಿನಾ ಬೇಲಿಯ ಹತ್ತಿರ ಬಂದು ಆನಾ ಎಲ್ಲಿ ಎಂದು ಕೇಳುತ್ತಿದ್ದಳು. ಮಗಳ ಮನೆಗೆ ಹೋಗಿದ್ದಾಳೆ ಎಂದೆ. ಮುದುಕಿ ನನ್ನ ಮುಖ ನೋಡಿ, ಸಿಡ್, ನೀನು ಏನು ಮಾಡಿದೆ ಎಂದಳು. ಏನಾಯಿತು ಎಂದು ಕೇಳಲೇ ಇಲ್ಲ ನೋಡು, ನೇರ ಏನು ಮಾಡಿದೆ ಎಂದೇ ಕೇಳಿದಳು. ಹನ್ನೆರಡು ವರ್ಷದಲ್ಲಿ ನನ್ನ ಹೆಸರು ಕಲಿಯದವಳು ನನ್ನನ್ನು ಎಷ್ಟು ಚೆನ್ನಾಗಿ ಕಲಿತಿದ್ದಾಳೆ.

ಅದಕ್ಕೇ ರಜೆ ಹಾಕಿ ಬಂದೆ. ನೀನು ಮರೆತುಹೋದ ರೊಟ್ಟಿ ಹಂಚು ಕೊಡಲು ಬಂದೆ ಎಂದು ಬಾಗಿಲಲ್ಲಿ ಹೇಳಿದೆನಲ್ಲ, ನೀನು ಹಂಚು ಮಾತ್ರ ಒಳಗೆ ತೆಗೆದುಕೊಂಡೆ.

ಇವತ್ತು ಸಂಜೆ ನಾಲ್ಕಕ್ಕೆ ಅಭಿನವನ ಗೆಳೆಯ ಪ್ರತಾಪ್ ಬಂದಿದ್ದ, ಮೈಸೂರಿನ ಹುಡುಗ. ಅವನೂ ಆ ವಿಡಿಯೋ ನೋಡಿದ್ದಾನೆ. ಅಂಕಲ್, ಆ ಉಡದ್ ಕಥೆ ನಿಮ್ ಬಾಯಿಂದ್ಲೇ ಕೇಳ್ಬೇಕು ಎಂದು ಸೋಫಾದ ತುದಿಗೆ ಬಂದು ಕೂತ. ನೀನು ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ನಲ್ಲಿ ಜೋರಾಗಿ ಬಿಟ್ಟಿದ್ದೆ. ನನ್ನ ಬಾಯಿಗೆ ಎಂಟು ಅಡಿಯ ಉಡ ಬಂದೇಬಿಟ್ಟಿತ್ತು, ನುಂಗಿದೆ. ನಡೆದ ಹಾಗೆ ಹೇಳಿದೆ. ನಾಲ್ಕೂವರೆ ಅಡಿ. ಹೆದರಿ ಬಕೆಟ್ಟಿನ ನೀರು ಮೈಮೇಲೆ ಚೆಲ್ಲಿಕೊಂಡು ಮರದ ಹಾಗೆ ನಿಂತವನು ನಾನು. ಒಂದೊಂದು ಉಗುರು ಬಿಡಿಸಿದವಳು ಅವಳು. ಹಾಲ್‌ನಲ್ಲಿ ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಪ್ರತಾಪ್ ನಗಲು ಕಾಯುತ್ತಲೇ ಇದ್ದ, ಪಾಪ. ನಗುವ ಜಾಗ ಬರಲೇ ಇಲ್ಲ. ಬಿಸ್ಕೀಟು ಮುಗಿಸಿ, ಆಂಟಿ ಗ್ರೇಟ್ ಎಂದು ಎದ್ದು ಹೋದ. ನನ್ನ ಜೀವನದಲ್ಲಿ ಯಾರೂ ನಗದ ಮೊದಲ ಕಥೆ. ಆದರೆ ಉಗುರು ಬಿಡಿಸಿದ ಮಾತು ಬಂದಾಗ ಒಳಗೆ ನಲ್ಲಿ ನಿಂತದ್ದು ನನಗೆ ಕೇಳಿತು. ಆಮೇಲೆ ಎಷ್ಟೋ ಹೊತ್ತು ಅದನ್ನು ನೀನು ಮತ್ತೆ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ನಾನು ಹೊರಡಬೇಕು, ಸೋಮವಾರ ಕ್ಯಾಂಟೀನು. ಬರುವಾಗ ಪಕ್ಕದ ಸೀಟಿನ ಮೇಲೆ ಹಂಚು ಕೂರಿಸಿಕೊಂಡು ಬಂದೆ. ಬೆಲ್ಟು ಹಾಕಿಲ್ಲ ಎಂದು ಕಾರು ಒಂದೇ ಸಮನೆ ಕಿರಿಕಿರಿ ಮಾಡಿತು, ಅರ್ಧ ದಾರಿಯಲ್ಲಿ ಹಂಚಿಗೆ ಬೆಲ್ಟು ಹಾಕಿದೆ. ಹೋಗುವಾಗ ಅಲ್ಲಿ ಯಾರು ಕೂರುತ್ತಾರೆ ಎಂಬುದು ನಿನ್ನ ಕೈಯಲ್ಲಿದೆ. ಬರುವುದಿದ್ದರೆ ಬಾ ಎಂದು ಬರೆದಿದ್ದೆ, ಗೀಟು ಹೊಡೆದೆ. ಬಾ. ಸಂಕ್ರಾಂತಿಗೆ ಲಕ್ಷ್ಮೀಶ ಮೈಕು ಕೊಟ್ಟರೆ ಪ್ರತಾಪನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ, ಆಮೇಲೆ ಅವನು ಇನ್ನೆಂದೂ ನನಗೆ ಮೈಕು ಕೊಡದಿದ್ದರೂ ಸರಿ. ಬೋರ್ಡಿನ ಮೇಲೆ ನನ್ನ ಹೆಸರಿನ ಮುಂದೆ ಗುಣಾಕಾರ ಎಷ್ಟು ಹಾಕಬೇಕೋ ನೀನೇ ಹಾಕು, ನಾನು ಅಳಿಸುವುದಿಲ್ಲ. ಮತ್ತೆ ಆ ಹಿಡಿತದ ಮಾತು. ಮೂವತ್ತೊಂದು ವರ್ಷ ಹಿಡಿದುಕೊಂಡದ್ದು ಯಾರು, ಹೆಗಲ ಮೇಲೆ ಕೂತದ್ದು ಯಾರು ಎಂದು ಈ ಗ್ಯಾರೇಜಿನಲ್ಲಿ ಯೋಚನೆ ಮಾಡಿದೆ. ನಿನ್ನನ್ನು ಉಡ ಎಂದವನೇ

ತಡಿ.

ಈಗಷ್ಟೇ ಒಂದು ಕೂಗು ಬಂತು. ಕಿವಿಗೆ ನಂಬಿಕೆ ಬರುತ್ತಿಲ್ಲ, ಆದ್ದರಿಂದ ಕೇಳಿದ ಹಾಗೆಯೇ ಬರೆದಿಡುತ್ತೇನೆ.

“ಏನ್ರೀ, ಊಟಕ್ಕ ಬರ್ರಿ. ರೊಟ್ಟಿ ಆರಾಕತ್ಯಾವ.”

ಅಂತೆ ಇಲ್ಲ. ಅಂತ ಇಲ್ಲ. ಶೈಲಾ ಮನೆಯಲ್ಲೇ ಇದ್ದಾಳೆ, ಅಳಿಯ ಫೋನಿನಲ್ಲಿ ಮಾತಾಡುತ್ತಿರುವುದು ಇಲ್ಲಿಗೂ ಕೇಳುತ್ತಿದೆ. ಇಬ್ಬರನ್ನೂ ಬಿಟ್ಟು ಬಾಗಿಲ ತನಕ ನೀನೇ ಬಂದೆ. ಫ್ರೀಜರಿನ ಕೆಳಗಿನವನೂ ತಲೆ ಹೊರಗೆ ಹಾಕಿ ನೋಡಿದ. ಉಳಿದದ್ದು ಆಮೇಲೆ ಬರೆಯೋಣವೆಂದರೆ ರೊಟ್ಟಿ ಕಾಯುವುದಿಲ್ಲ, ನಾನೂ ಕಾಯುವುದಿಲ್ಲ. ಬಂದೆ.

ಹಸಿದು ಎದ್ದ ನಿನ್ನ
ಸಿದ್ದಣ್ಣ

ತಾ.ಕ.: ಬಕೆಟ್ಟಿನಲ್ಲಿ ನೀರಿರಲಿಲ್ಲ. ಮೆಂತ್ಯಕ್ಕೆ ಹಾಕಿ ಮುಗಿಸಿ ಖಾಲಿ ಬಕೆಟ್ಟು ಹಿಡಿದುಕೊಂಡು ನಿಂತಿದ್ದೆ. ಇದನ್ನು ಪ್ರತಾಪನಿಗೆ ಹೇಳಲಾಗಲಿಲ್ಲ, ಸಂಕ್ರಾಂತಿಗೂ ಹೇಳಲಾರೆ. ಬಕೆಟ್ಟು ಎತ್ತಿಟ್ಟವಳು ನೀನು. ಬೆವ್ವನ ಕಣ್ಣಿಗೆ ನನ್ನ ಒದ್ದೆ ಲುಂಗಿ ಬೀಳದ ಹಾಗೆ ಕೌದಿ ಸುತ್ತಿ ಒಳಗೆ ಕರೆದುಕೊಂಡು ಹೋದವಳೂ, ಮಷೀನಿಗೆ ಹಾಕದೆ ಆ ಲುಂಗಿಯನ್ನು ಕೈಯಿಂದ ಒಗೆದವಳೂ ನೀನು. ಬೆವ್ವಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ. ಇನ್ನೂರು ಮಂದಿ ನಿನ್ನನ್ನು ನೋಡಿ ನಗುತ್ತಿದ್ದಾಗ, ಆ ಟೇಬಲ್ಲಿನ ಹಿಂದೆ ನಿಂತು, ಆ ನಗುವನ್ನು ನನ್ನ ಕಡೆ ತಿರುಗಿಸಲು ನಿನಗೆ ಒಂದೇ ಒಂದು ಮಾತು ಸಾಕಿತ್ತು.